ರಫು ಅಕ್ಕನ ಹೊಸ ದೀಪ

ಹರಿದ ಬಟ್ಟೆಗೆ ಹೊಲಿಗೆ ಹಾಕುವವರು ಬೀದಿಗೊಬ್ಬರು ಸಿಗುತ್ತಾರೆ. ಹರಿದಿತ್ತು ಎನ್ನುವುದೇ ಸುಳ್ಳು ಎನಿಸುವಂತೆ ಮಾಡುವವರು ಊರಿಗೊಬ್ಬರು ಸಿಕ್ಕರೆ ಅದೇ ಪುಣ್ಯ. ಈ ಊರು ಅಂಥ ಪುಣ್ಯವನ್ನು ಮೂವತ್ತೆಂಟು ವರ್ಷ ಉಂಡಿತು. ಉಂಡದ್ದು ಅದಕ್ಕೆ ಗೊತ್ತೇ ಆಗಲಿಲ್ಲ, ಏಕೆಂದರೆ ಗೊತ್ತಾಗದಿರುವುದೇ ಆ ಕೆಲಸದ ಗುಣ. ಅವಳಿಗೆ ಹೆತ್ತವರಿಟ್ಟ ಹೆಸರೊಂದು ಇದ್ದೇ ಇತ್ತು, ಅದು ಗುರುತಿನ ಚೀಟಿಯಿಂದ ಆಚೆ ಬಂದಿರಲಿಲ್ಲ. ಜನರ ಬಾಯಲ್ಲಿ ಅವಳು ರಫು ಅಕ್ಕ. ಸಿಗರೇಟಿನ ಕಿಡಿ ಬಿದ್ದ ಕೋಟು, ಮೊಳೆಗೆ ಸಿಕ್ಕಿದ ಪ್ಯಾಂಟು, ನುಸಿ ತಿಂದ ಶಾಲು, ಇಲಿ ಕಡಿದ ಸ್ವೆಟರು, ಏನೇ ಬರಲಿ, ತೂತಿನ ಸುತ್ತ ಎಳೆಗೆ ಎಳೆ ಕೂಡಿಸಿ ಮತ್ತೆ ನೇಯ್ದು ಕೊಡುತ್ತಿದ್ದಳು. ತೂತು ಎಲ್ಲಿತ್ತು ಎಂದು ಬಟ್ಟೆಯ ಯಜಮಾನನೂ ಅವನ ಹೆಂಡತಿಯೂ ಮನೆಗೆ ಹೋಗಿ ಜಗಳವಾಡಬೇಕು, ಹಾಗಿರುತ್ತಿತ್ತು ಕೆಲಸ.

ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಬೀದಿಗೆ ಒಂದು ಬಾಗಿಲು, ಒಂದು ಕಿಟಕಿ. ಕಿಟಕಿಯ ಬೆಳಕನ್ನು ಎದುರಿನ ಐದಂತಸ್ತಿನ ಕಟ್ಟಡ ಎಂದೋ ನುಂಗಿ ನೀರು ಕುಡಿದಿತ್ತು. ಒಳಗೆ ಒಂದು ಮೇಜು, ಬೆನ್ನಿಗೆ ದಿಂಬು ಕಟ್ಟಿದ ಒಂದು ಕುರ್ಚಿ, ಮೇಜಿನ ಎಡಗಡೆ ತಲೆಗೆ ತಗಲುವಷ್ಟು ಕೆಳಗೆ ಇಳಿಬಿಟ್ಟ ಹಳದಿ ಬಲ್ಬು, ಅದಕ್ಕೊಂದು ತಗಡಿನ ಟೋಪಿ. ಚಳಿಗಾಲದಲ್ಲಿ ಅಕ್ಕನ ಎಡಗೆನ್ನೆ ಬೆಚ್ಚಗೆ, ಬಲಗೆನ್ನೆ ತಣ್ಣಗೆ. ಬೇಸಿಗೆಯಲ್ಲಿ ಕತ್ತಿನ ಎಡಭಾಗ ಮಾತ್ರ ಬೆವರುತ್ತಿತ್ತು. ತನ್ನ ಅರ್ಧ ಮುಖಕ್ಕೆ ಮದುವೆಯಾಗಿರುವುದು ಈ ಬಲ್ಬಿನ ಜೊತೆ ಎಂದು ಅವಳು ಗಂಡ ಬದುಕಿದ್ದಾಗ ತಮಾಷೆ ಮಾಡುತ್ತಿದ್ದಳು. ಗಂಡ ಹೋಗಿ ಹದಿನೆಂಟು ವರ್ಷವಾಯಿತು, ಬಲ್ಬು ಉಳಿಯಿತು.

ಮೇಜಿನ ಬಲಕ್ಕೆ ದಾರದ ಪೆಟ್ಟಿಗೆ. ಹದಿನಾರು ಖಾನೆಗಳ ಮರದ ಪೆಟ್ಟಿಗೆ, ಚಿಕ್ಕಮ್ಮನಿಂದ ಬಂದದ್ದು. ಕಸುಬೂ ಅವಳಿಂದಲೇ ಬಂದದ್ದು. ಒಳಗೆ ನಾನೂರರ ಹತ್ತಿರ ದಾರದ ಉಂಡೆಗಳಿದ್ದವು, ಒಂದರ ಮೇಲೂ ಚೀಟಿಯಿರಲಿಲ್ಲ. ಅದು ಚಿಕ್ಕಮ್ಮನ ಕಟ್ಟಪ್ಪಣೆ. ಬಣ್ಣಕ್ಕೆ ಹೆಸರು ಬರೆದುಕೊಂಡವಳು ಆಮೇಲೆ ಹೆಸರನ್ನು ನೋಡುತ್ತಾಳೆಯೇ ಹೊರತು ಬಣ್ಣವನ್ನು ನೋಡುವುದಿಲ್ಲ ಎನ್ನುತ್ತಿದ್ದಳು. ಕಪ್ಪೇ ಒಂಬತ್ತು ಬಗೆ ಇತ್ತು. ಇಂಥದ್ದು ಎಲ್ಲಿದೆ ಎಂದು ಕೇಳಿದರೆ ಅಕ್ಕ ಬಾಯಲ್ಲಿ ಹೇಳಲಾರಳು, ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ತೆಗೆದ ದಾರವನ್ನು ಬಟ್ಟೆಯ ಮೇಲಿಟ್ಟು ಮೊದಲು ದೀಪದಡಿ ನೋಡುವುದು, ಆಮೇಲೆ ಬಾಗಿಲಿಗೆ ಬಂದು ಹಗಲಿನಲ್ಲಿ ನೋಡುವುದು. ಎರಡೂ ಕಡೆ ದಾರ ಬಟ್ಟೆಯೊಳಗೆ ಕರಗಿಹೋದರೆ ಸೂಜಿ ಎತ್ತಿಕೊಳ್ಳುತ್ತಿದ್ದಳು.

ಅಕ್ಕನಿಗೆ ಒಬ್ಬಳೇ ಮಗಳು. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಮದುವೆಯ ಮಾತು ಬಂದರೆ ಪರೀಕ್ಷೆಯ ಪೇಪರು ತಿದ್ದಲು ಕೂರುವ ಪೈಕಿ. ಎರಡು ವರ್ಷದ ಹಿಂದೆ ಈ ಮಗಳಿಗೆ ಭೂಮಿಯ ಚಿಂತೆ ಹತ್ತಿತು. ಅದಕ್ಕೆ ಮೊದಲು ಸಿಕ್ಕಿಬಿದ್ದದ್ದು ಅಡುಗೆಮನೆ. ಪ್ಲಾಸ್ಟಿಕ್ಕಿನ ಡಬ್ಬಗಳು ಹೋಗಿ ಗಾಜಿನ ಸೀಸೆಗಳು ಬಂದವು. ಪಾತ್ರೆ ತಿಕ್ಕಲು ನಾರಿನ ಉಂಡೆ, ನೆಲ ಒರೆಸಲು ನಿಂಬೆಯ ಸಿಪ್ಪೆ ನೆನೆಸಿದ ನೀರು, ಸೋಪಿನ ದ್ರವವನ್ನು ತುಂಬಿಸಿಕೊಂಡು ಬರಲು ಹಳೆಯ ಬಾಟಲಿ. ಬಿದಿರಿನ ಹಲ್ಲುಜ್ಜುವ ಬ್ರಷ್ಷನ್ನು ನೋಡಿ ಅಕ್ಕ, ಬ್ರಷ್ಷು ಹೊಸದು ತಂದೆ, ಹಲ್ಲು ಯಾವಾಗ ತರ್ತೀಯಾ ಎಂದು ಕೇಳಿದ್ದಳು.

ಹಾಗೆಂದು ಅವಳಿಗೆ ವಿರೋಧವೇನೂ ಇರಲಿಲ್ಲ. ಲಾಂಡ್ರಿಯಲ್ಲಿ ಯಾರೂ ಬಂದು ಬಿಡಿಸಿಕೊಳ್ಳದೆ ಉಳಿದ ಪ್ಯಾಂಟುಗಳನ್ನು ಕತ್ತರಿಸಿ ಸಂತೆಯ ಚೀಲಗಳನ್ನು ಹೊಲಿದುಕೊಟ್ಟವಳು ಅವಳೇ. ಬಿಸಾಡಬಾರದು, ಇದ್ದದ್ದನ್ನೇ ಉಳಿಸಿಕೊಳ್ಳಬೇಕು ಎಂದು ಮಗಳು ಒಮ್ಮೆ ಪಾಠ ಶುರುಮಾಡಿದಾಗ ಅಕ್ಕ ಸೂಜಿ ಕೆಳಗಿಟ್ಟು ನಕ್ಕಿದ್ದಳು. ಅದೇ ನನ್ನ ಕಸುಬು ಕಣೇ, ಮೀನಿಗೆ ಈಜು ಹೇಳಿಕೊಡ್ತಿದ್ದೀಯಾ ಎಂದಿದ್ದಳು.

ದೀಪದ ಸರದಿ ಬಂದದ್ದು ಕೊನೆಗೆ. ಒಳಕೋಣೆ, ಅಡುಗೆಮನೆ, ಬಚ್ಚಲು, ಎಲ್ಲ ಕಡೆ ಎಲ್‌ಇಡಿ ಬಂದರೂ ಅಮ್ಮನ ಮೇಜಿನ ಬಲ್ಬನ್ನು ಮಗಳು ಒಂದು ವರ್ಷ ಮುಟ್ಟಲಿಲ್ಲ. ಆಮೇಲೆ ಶಾಲೆಯಲ್ಲಿ ವಿದ್ಯುತ್ ಉಳಿತಾಯದ ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, ಟೀಚರ್ ನಿಮ್ಮ ಮನೆಯಲ್ಲಿ ಎಲ್ಲ ದೀಪಗಳನ್ನೂ ಬದಲಾಯಿಸಿದ್ದೀರಾ ಎಂದು ಕೇಳಿಬಿಟ್ಟಳು. ಸುಳ್ಳು ಹೇಳಲು ಬಾರದ ಟೀಚರು ಮನೆಗೆ ಬಂದು ಅಮ್ಮನ ಮುಂದೆ ಮುಖ ಸಣ್ಣ ಮಾಡಿಕೊಂಡು ನಿಂತಳು. ಅಕ್ಕನಿಗೆ ಪಾಪ ಎನಿಸಿತು. ಬದಲಾಯಿಸಿಬಿಡು, ದೀಪ ಅಂದಮೇಲೆ ದೀಪ ತಾನೇ ಎಂದಳು.

ಮಗಳು ದೀಪವನ್ನು ತರಲು ಹದಿನೈದು ದಿನ ತೆಗೆದುಕೊಂಡಳು. ಯಾಕಿಷ್ಟು ತಡ ಎಂದು ಅಕ್ಕ ಕೇಳಲಿಲ್ಲ. ಒಂದು ಭಾನುವಾರ ಹಳೆಯ ಬಲ್ಬನ್ನು ಬಿಚ್ಚಿ ಕೆಳಗಿಡುವಾಗ ಅದು ಮೇಜಿಗೆ ತುಸು ತಗಲಿತು. ಗಾಜು ಒಡೆಯಲಿಲ್ಲ, ಒಳಗಿನ ಎಳೆ ಮಾತ್ರ ಕಡಿದು ಸಣ್ಣಗೆ ಗಿಲಿಗಿಲಿ ಎಂದಿತು. ಇರಲಿ ಬಿಡು, ಅದರ ಕೆಲಸ ಮುಗೀತಲ್ಲ ಎಂದಳು ಅಕ್ಕ. ಆ ಮಾತನ್ನು ಆಡಿದ ನಾಲಿಗೆಯನ್ನು ಕಚ್ಚಿಕೊಳ್ಳಬೇಕು ಎಂದು ಅವಳಿಗೆ ಆಮೇಲೆ ಎಷ್ಟು ಸಲ ಅನ್ನಿಸಿತೋ ಲೆಕ್ಕವಿಲ್ಲ.

ಹೊಸ ದೀಪ ಮೊದಲ ತಿಂಗಳು ಮನೆಯ ಸೊಸೆಯಂತೆ ಹೊಗಳಿಸಿಕೊಂಡಿತು. ಕಾಯುವುದಿಲ್ಲ, ಮಿಣುಕುವುದಿಲ್ಲ, ಕತ್ತು ಬೆವರುವುದಿಲ್ಲ. ಅಕ್ಕನೇ ಪಕ್ಕದ ಮನೆಯವರನ್ನು ಕರೆದು ತೋರಿಸಿದ್ದಳು. ಆ ತಿಂಗಳಲ್ಲೇ ವಕೀಲರ ಕೋಟು ಬಂದದ್ದು.

ವಕೀಲರು ಇಪ್ಪತ್ತು ವರ್ಷದ ಗಿರಾಕಿ, ಕೋಟೂ ಸುಮಾರು ಅಷ್ಟೇ ವಯಸ್ಸಿನದು. ಬಲ ಮೊಣಕೈ ಸವೆದು ಜಾಳಾಗಿತ್ತು. ಇಂಥ ಕೋಟಿಗೆ ಅದರ ಮಡಿಕೆಯೊಳಗಿನಿಂದಲೇ ಎಳೆ ಕದ್ದು ಹಾಕುವುದು ವಾಡಿಕೆ. ಆದರೆ ಹಳೆಯ ರಿಪೇರಿಗಳಿಗೆ ಕದ್ದು ಕದ್ದು ಒಳಗೆ ಏನೂ ಉಳಿದಿರಲಿಲ್ಲ. ಅಕ್ಕ ಪೆಟ್ಟಿಗೆಯ ಕಪ್ಪುಗಳಲ್ಲಿ ಒಂದನ್ನು ಆರಿಸಿದಳು. ಅಂದು ಕೈ ಹೋದ ಕಡೆಗೆ ಕಣ್ಣು ಒಪ್ಪಲಿಲ್ಲ. ಕೈ ತೆಗೆದದ್ದನ್ನು ವಾಪಸ್ಸಿಟ್ಟು ಪಕ್ಕದ ಖಾನೆಯಿಂದ ಇನ್ನೊಂದನ್ನು ತೆಗೆದಳು. ದೀಪದಡಿ ಇಟ್ಟಳು, ಕರಗಿತು. ಬಾಗಿಲಿಗೆ ಒಯ್ದಳು, ಅಲ್ಲೂ ಕರಗಿತು. ನಾಲ್ಕು ದಿನ ಕೂತು ನೇಯ್ದಳು.

ವಾರ ಕಳೆಯುವಷ್ಟರಲ್ಲಿ ಲಾಂಡ್ರಿಯ ಯಜಮಾನ ಕೋಟನ್ನು ಹಿಡಿದುಕೊಂಡು ಬಂದ. ಊರಿನ ಅರ್ಧದಷ್ಟು ರಫು ಕೆಲಸ ಅವನ ಅಂಗಡಿಯ ಮೂಲಕವೇ ಅಕ್ಕನಿಗೆ ಬರುತ್ತಿತ್ತು. ಅವನು ಕೋಟನ್ನು ಮೇಜಿನ ಮೇಲೆ ಹರಡಿದ. ವಕೀಲರು ನ್ಯಾಯಾಲಯದ ಅಂಗಳದಲ್ಲಿ ಕೈಯೆತ್ತಿ ಯಾರನ್ನೋ ಕರೆದರಂತೆ. ಎದುರು ಪಕ್ಷದ ವಕೀಲ, ಸ್ವಾಮಿ ನಿಮ್ಮ ಮೊಣಕೈಯಲ್ಲಿ ಆಕಾಶ ಕಾಣ್ತಿದೆ ಎಂದನಂತೆ. ಸುತ್ತಲಿದ್ದವರೆಲ್ಲ ನೋಡಿ ನಕ್ಕರಂತೆ. ಕಪ್ಪು ಕೋಟಿನ ಮೊಣಕೈಗೆ ಅಂಗೈಯಗಲದ ಕಡುನೀಲಿ ತೇಪೆ.

ಅಕ್ಕ ಕೋಟನ್ನು ಬಾಗಿಲಿಗೆ ಒಯ್ದಳು. ಬಿಸಿಲು ಎದುರಿನ ಕಟ್ಟಡದ ಗಾಜಿಗೆ ಬಿದ್ದು ಬೀದಿಗೆ ಚೆಲ್ಲಿತ್ತು. ಅವಳು ತೋಳನ್ನು ಮಡಿಸಿ ನೋಡಿದಳು, ಬಿಡಿಸಿ ನೋಡಿದಳು. ಅವಳಿಗೆ ಕಂಡದ್ದು ಕಪ್ಪು, ಬರೀ ಕಪ್ಪು. ಲಾಂಡ್ರಿಯವನು ಹಿಂದೆಯೇ ನಿಂತು, ಕಾಣ್ತಲ್ಲ ಅಕ್ಕ ಎಂದ. ಅವಳು ಹೌದು, ಕಾಣ್ತು ಎಂದಳು. ಮೂವತ್ತೆಂಟು ವರ್ಷದಲ್ಲಿ ಬಣ್ಣದ ವಿಷಯದಲ್ಲಿ ಅವಳಾಡಿದ ಮೊದಲ ಸುಳ್ಳು ಅದು.

ಹೊಸ ದೀಪದ ದೆಸೆಯಿಂದ ಹೀಗಾಯಿತು, ಅದರ ಬೆಳಕೇ ಸುಳ್ಳು ಬೆಳಕು ಎಂದು ಅವಳು ವಿವರಿಸಿದಳು. ಎದುರು ಕಟ್ಟಡದ ನೀಲಿ ಗಾಜಿನಿಂದ ಬೀದಿಯ ಹಗಲೂ ಕೆಟ್ಟಿದೆ ಎಂದಳು. ಲಾಂಡ್ರಿಯವನು ಹಳೆಯ ಸಲುಗೆಯಿಂದ ನಕ್ಕು, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ನಿಮಗೆ ಆ ಗಾದೆ ಹೇಳೋ ಕಾಲ ಬಂತಲ್ಲ ಅಕ್ಕ" ಎಂದ. ತಮಾಷೆಗೆ ಹೇಳಿದ ಮಾತು. ಅದು ಅವಳ ಎದೆಯಲ್ಲಿ ಸೂಜಿಯ ಮುರಿದ ತುದಿಯಂತೆ ಉಳಿದುಕೊಂಡಿತು.

ಕೆಟ್ಟಿರುವುದು ದೀಪವೋ, ಕಣ್ಣೋ? ಅಂದಿನಿಂದ ಅಕ್ಕನ ಬದುಕೆಲ್ಲ ಈ ಒಂದು ಪ್ರಶ್ನೆಯ ಮೇಲೆ ನಿಂತಿತು. ದೀಪವಾದರೆ ಬದಲಾಯಿಸಬಹುದು. ಕಣ್ಣಿನ ಪೊರೆಯನ್ನು ಆರು ವರ್ಷದ ಹಿಂದೆಯೇ ಎರಡೂ ಕಡೆ ತೆಗೆಸಿಯಾಗಿತ್ತು, ಹಾಗಾಗಿ ಪೊರೆ ಎಂದುಕೊಂಡು ಸಮಾಧಾನಪಡುವ ದಾರಿಯೂ ಇರಲಿಲ್ಲ. ಅವಳು ಯೋಚನೆ ಮಾಡದೆ ದೀಪ ಎಂದೇ ತೀರ್ಮಾನಿಸಿದಳು. ಯೋಚನೆ ಮಾಡಲು ಭಯವಾಯಿತು ಎನ್ನುವುದೇ ಸರಿ.

ಭಯವಾದವರಿಗೆ ಬೈಯಲು ಒಬ್ಬರು ಬೇಕು. ಆ ಸಂಜೆ ಮಗಳು ಶಾಲೆಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅಕ್ಕ ಕೋಟನ್ನು ಅವಳ ಮುಂದೆ ಎಸೆದಳು.

"ನಿನ್ನ ಭೂಮಿ ಉಳಿಸೋಕೆ ನನ್ನ ಅನ್ನ ಕಿತ್ಕೊಂಡೆಯಲ್ಲೇ" ಎಂದಳು.

ಮಗಳು ಕೋಟನ್ನು ಎತ್ತಿ ಮೊಣಕೈ ನೋಡಿದಳು. ಬಾಗಿಲಿನಿಂದಲೇ ಅವಳಿಗೆ ಆ ನೀಲಿ ಕಂಡಿತ್ತು. ಒಂದು ಸಲ ಕಣ್ಣಾಸ್ಪತ್ರೆಗೆ ಹೋಗಿಬರೋಣ ಎಂದು ಮೆಲ್ಲಗೆ ಹೇಳಿದಳು. ಅಕ್ಕ ಅಲ್ಲೇ ಕೂತು ಅತಿ ಸಣ್ಣ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿ ತೋರಿಸಿದಳು. ಅದು ಕಣ್ಣಿನ ಕೆಲಸವಲ್ಲ, ಬೆರಳಿನ ಕೆಲಸ ಎನ್ನುವುದು ಅವಳಿಗೂ ಗೊತ್ತಿತ್ತು.

ಮಾರನೆಯ ದಿನದಿಂದ ಅಕ್ಕ ಒಂದು ಕೆಲಸ ಹಿಡಿದಳು. ಆ ಕಸುಬಿನವರಲ್ಲದೆ ಬೇರೆ ಯಾರೂ ಅಂಥ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಅವಳು ಹನ್ನೆರಡರ ಹುಡುಗಿಯಾಗಿದ್ದಾಗ ಚಿಕ್ಕಮ್ಮನ ಮನೆಗೆ ಮೊದಲ ಸಲ ಕರೆಂಟು ಬಂದಿತ್ತು. ಲಾಟೀನು ಹೋಗಿ ಬಲ್ಬು ಬಂದ ದಿನ ಚಿಕ್ಕಮ್ಮ ಪೆಟ್ಟಿಗೆಯನ್ನು ನೆಲಕ್ಕೆ ಬೋರಲು ಹಾಕಿ, ದೀಪ ಬದಲಾದರೆ ಪೆಟ್ಟಿಗೆಯೂ ಬದಲಾಗಬೇಕು ಎಂದು ಪ್ರತಿ ಉಂಡೆಯನ್ನೂ ಹೊಸ ಬೆಳಕಿನಲ್ಲಿ ನೋಡಿ ಮತ್ತೆ ಜೋಡಿಸಿದ್ದಳು. ಉಂಡೆಗಳನ್ನು ಎತ್ತಿಕೊಟ್ಟವಳು ಈ ಹುಡುಗಿಯೇ. ಅದೇ ಸರಿ ಎನಿಸಿತು ಅಕ್ಕನಿಗೆ. ಎಲ್‌ಇಡಿ ಬಂದ ದಿನವೇ ಇದನ್ನು ಮಾಡಬೇಕಿತ್ತು, ಮರೆತೆ, ಅದಕ್ಕೇ ಹೀಗಾಯಿತು ಎಂದುಕೊಂಡಳು. ಎಷ್ಟು ಸುಲಭದ ಉತ್ತರ. ಅಂದು ಅವಳು ಹಾಡು ಗುನುಗುತ್ತಾ ನೆಲಕ್ಕೆ ಬಿಳಿ ಹಾಸು ಹಾಸಿದಳು.

ಎಂಟು ದಿನ ಬೇರೆ ಕೆಲಸ ಮುಟ್ಟಲಿಲ್ಲ. ನಾನೂರು ಉಂಡೆಗಳನ್ನು ಒಂದೊಂದಾಗಿ ಹೊಸ ದೀಪದಡಿ ಹಿಡಿದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ, ಹೇಗೆ ಕಂಡವೋ ಹಾಗೆ ಖಾನೆಗಳಿಗೆ ಹಾಕಿದಳು. ಕಪ್ಪು ಒಂಬತ್ತಿದ್ದದ್ದು ಇಪ್ಪತ್ತೆರಡಾಯಿತು. ಬೂದು ಬಣ್ಣಕ್ಕೆ ಮುಂಚೆ ಎರಡು ಖಾನೆ ಇತ್ತು, ಈಗ ಐದೂ ಸಾಲಲಿಲ್ಲ. ನನ್ನ ಹತ್ತಿರ ಇಷ್ಟೊಂದು ಬೂದು ದಾರ ಇದೆ ಅನ್ನೋದೇ ಗೊತ್ತಿರಲಿಲ್ಲ ನೋಡು ಎಂದು ಮಗಳಿಗೆ ಹೆಮ್ಮೆಯಿಂದ ತೋರಿಸಿದಳು. ಮಗಳು ಬೂದಿನ ಖಾನೆಯಿಂದ ಒಂದು ಉಂಡೆಯನ್ನು ಎತ್ತಿ ನೋಡಿದಳು. ಇನ್ನೊಂದನ್ನು ಎತ್ತಿ ನೋಡಿದಳು. ಎರಡನ್ನೂ ಅಲ್ಲಿಯೇ ಇಟ್ಟು, ಚಹಾ ಮಾಡ್ತೀನಿ ಎಂದು ಒಳಗೆ ಹೋದಳು.

ಮಗಳ ಬಾಯಿ ಮುಚ್ಚಿಸಬೇಕೆಂದೇ ಅಕ್ಕ ಕನ್ನಡಕದ ಅಂಗಡಿಗೆ ಹೋಗಿಬಂದಳು. ಅಲ್ಲಿಯ ಹುಡುಗಿ ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದಳು. ಅಕ್ಕ ಕೊನೆಯ ಸಾಲಿಗೆ ಒಂದೇ ಸಾಲು ಮೇಲಿನ ತನಕ ಓದಿದಳು. ಈ ವಯಸ್ಸಿಗೆ ಇದು ಬಹಳ ಚೆನ್ನಾಗಿದೆ ಆಂಟಿ ಎಂದು ಹುಡುಗಿ ಹೊಗಳಿದಳು. ಬಿಳಿ ಹಲಗೆಯ ಮೇಲೆ ಕಪ್ಪು ಅಕ್ಷರಗಳು. ಬಣ್ಣದ ಮಾತನ್ನು ಹುಡುಗಿಯೂ ಎತ್ತಲಿಲ್ಲ, ಅಕ್ಕನೂ ಎತ್ತಲಿಲ್ಲ. ಮನೆಗೆ ಬಂದು ಚೀಟಿಯನ್ನು ಮಗಳ ಪುಸ್ತಕದ ಮೇಲಿಟ್ಟು, ನೋಡ್ಕೋ ಎಂದಳು.

ಆಮೇಲೆ ಬಂದದ್ದು ಸ್ವೆಟರು. ತಂದವಳು ಎರಡು ಬೀದಿ ಆಚೆಯ ಹೆಂಗಸು. ಅವಳ ಗಂಡ ಬಸ್ ಕಂಡಕ್ಟರಾಗಿದ್ದವನು, ಹಿಂದಿನ ವರ್ಷ ತೀರಿಕೊಂಡಿದ್ದ. ಅವನ ಪಾಚಿ ಹಸಿರಿನ ಸ್ವೆಟರಿನ ಎದೆಯ ಭಾಗವನ್ನು ನುಸಿ ತಿಂದಿತ್ತು. ಇದೊಂದೇ ಉಳಿದಿರುವುದು, ಇನ್ನು ಮೇಲೆ ತಾನು ಹಾಕಿಕೊಳ್ಳುತ್ತೇನೆ ಎಂದು ಹೇಳಿ ಕೊಟ್ಟುಹೋದಳು. ಅಕ್ಕ ಹೊಸದಾಗಿ ಜೋಡಿಸಿದ ಪೆಟ್ಟಿಗೆಯಿಂದ, ಹೊಸ ದೀಪದಡಿ, ಕಣ್ಣಿಟ್ಟು ನೋಡಿ ದಾರ ಆರಿಸಿದಳು. ಎಂಟು ತೂತುಗಳನ್ನು ಮುಚ್ಚಿದಳು. ನೇಯ್ಗೆ ಎಂದಿನಂತೆಯೇ ಇತ್ತು, ಬೆರಳು ಹಾಯಿಸಿದರೆ ಎಲ್ಲಿ ಎಂದು ತಿಳಿಯದು.

ಹೆಂಗಸು ಬಂದು ಸ್ವೆಟರನ್ನು ಬಿಡಿಸಿ ಹಿಡಿದಳು. ಅವಳ ಮುಖ ಹೇಗಾಯಿತು ಎನ್ನುವುದು ಅಕ್ಕನಿಗೆ ಚೆನ್ನಾಗಿಯೇ ಕಂಡಿತು. ಕಣ್ಣು ಅಷ್ಟರ ಮಟ್ಟಿಗೆ ಇನ್ನೂ ಕೆಲಸ ಮಾಡುತ್ತಿತ್ತು. ಏನಾಯ್ತು ತಾಯಿ ಎಂದು ಕೇಳಿದಳು. ಹೆಂಗಸು ಸ್ವೆಟರನ್ನು ಎದೆಗೆ ಒತ್ತಿ ಮಡಚಿಕೊಂಡು, "ಏನಿಲ್ಲ ಅಕ್ಕ. ಪರವಾಗಿಲ್ಲ ಬಿಡಿ, ಒಳಗಡೆ ಹಾಕ್ಕೋತೀನಿ" ಎಂದು ಹೇಳಿ ಹೊರಟುಹೋದಳು. ವಕೀಲರ ಕೋಟು ವಾಪಸ್ಸು ಬಂದದ್ದನ್ನು ಅಕ್ಕ ತಡೆದುಕೊಂಡಿದ್ದಳು. ಈ ಪರವಾಗಿಲ್ಲವನ್ನು ತಡೆದುಕೊಳ್ಳಲು ಆಗಲಿಲ್ಲ. ಬಾಗಿಲು ಮುಂದೆ ಮಾಡಿ ಕುರ್ಚಿಯಲ್ಲಿ ಕೂತು ಅತ್ತಳು. ತಾನು ಆ ಸತ್ತವನ ಎದೆಯ ಮೇಲೆ ಯಾವ ಬಣ್ಣ ಹಾಕಿದೆ ಎನ್ನುವುದೂ ಅವಳಿಗೆ ಗೊತ್ತಿರಲಿಲ್ಲ. ಆ ಹೆಂಗಸಿನ ಬಾಯಿಂದ ಅದು ಎಂದೂ ಬರಲಿಲ್ಲ.

ಮಧ್ಯಾಹ್ನ ಅವಳು ದೀಪವನ್ನು ಬಿಚ್ಚಿ, ಮಗಳು ಜೋಪಾನವಾಗಿ ತೆಗೆದಿಟ್ಟಿದ್ದ ಡಬ್ಬಿಯಲ್ಲಿ ಹಾಕಿ, ಅದರ ಮೇಲೆ ತನ್ನ ಚೀಟಿ ಅಂಟಿಸಿದ್ದ ವಿದ್ಯುತ್ ಸಾಮಾನಿನ ಅಂಗಡಿಗೆ ನಡೆದಳು. ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ದಾರಿಯಲ್ಲಿ ಜೋಡಿಸಿಕೊಂಡಿದ್ದಳು. ಇಂಥ ದರಿದ್ರ ದೀಪವನ್ನು ಮಾರಿ ಬಡವರ ಹೊಟ್ಟೆಯ ಮೇಲೆ ಹೊಡೆಯುತ್ತೀರಲ್ಲ ಎಂದೇ ಶುರುಮಾಡಿದಳು. ಅಂಗಡಿಯವನು ವಯಸ್ಸಾದ ಸಮಾಧಾನಿ ಮನುಷ್ಯ. ಡಬ್ಬಿಯನ್ನು ತಿರುಗಿಸಿ ನೋಡಿ, ಅವಳಿಗೆ ಒಂದು ಸ್ಟೂಲು ಕೊಟ್ಟ.

"ಇದು ಸಾಮಾನ್ಯ ದೀಪ ಅಲ್ಲಮ್ಮ" ಎಂದ. "ಚಿತ್ರ ಬರೆಯೋರು, ದೊಡ್ಡ ಬಟ್ಟೆ ಅಂಗಡಿಯೋರು ಹೇಳಿ ತರಿಸ್ಕೊಳ್ಳೋದು ಇದು. ಬಣ್ಣ ಹಗಲಲ್ಲಿ ಹೇಗಿರುತ್ತೋ ಹಾಗೇ ತೋರಿಸುತ್ತೆ. ನಿಮ್ಮ ಮಗಳು ಮೂರು ಸಲ ಬಂದ್ರು. ನಮ್ಮಮ್ಮನ ಕೆಲಸಕ್ಕೆ, ಬಣ್ಣ ಒಂಚೂರೂ ಮೋಸ ಆಗ್ಬಾರದು ಅಂತ, ದಾರದ ಉಂಡೆಗಳನ್ನ ಬ್ಯಾಗಲ್ಲಿ ತಂದು, ಒಂದೊಂದು ದೀಪದ ಕೆಳಗೂ ಇಟ್ಟು ನೋಡಿ, ಕೊನೆಗೆ ಇದನ್ನೇ ತರಿಸಿ ಅಂದ್ರು."

ಹದಿನೈದು ದಿನ ಯಾಕೆ ಹಿಡಿಯಿತು ಎನ್ನುವುದು ಅಕ್ಕನಿಗೆ ಆಗ ತಿಳಿಯಿತು. ಹಳೆಯ ತರದ ಹಳದಿ ಬಲ್ಬು ಒಂದಾದರೂ ಇದೆಯೇ ಎಂದು ಕೇಳಿದಳು. ಅವು ತಮ್ಮಲ್ಲಿಗೆ ಬರುವುದು ನಿಂತು ವರ್ಷವಾಯಿತು ಎಂದು ಅವನು ಕೈ ತಿರುಗಿಸಿದ. ಅವಳು ಡಬ್ಬಿಯನ್ನು ಎದೆಗವಚಿಕೊಂಡು ವಾಪಸ್ಸು ಬಂದಳು. ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡುಗಳನ್ನು ನೋಡುತ್ತಾ ಬಂದಳು. ಅಕ್ಷರಗಳೆಲ್ಲ ಓದಲು ಬಂದವು. ಬೀದಿ ಮಾತ್ರ ಹತ್ತು ಸಲ ಒಗೆದ ಬಟ್ಟೆಯ ಹಾಗಿತ್ತು. ಯಾವಾಗಿನಿಂದ ಹೀಗಿದೆ ಎಂದು ನೆನಪಿಸಿಕೊಳ್ಳಲು ಹೋದರೆ ನೆನಪಿಗೆ ಬರಲಿಲ್ಲ.

ಇದನ್ನು ಮಗಳಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳದಿದ್ದುದಷ್ಟೇ ಅಲ್ಲ, ಮುಂಚಿಗಿಂತ ಹೆಚ್ಚು ಬೈದಳು. ಊಟಕ್ಕೆ ಕೂತರೆ ದೀಪ, ಬಟ್ಟೆ ಒಣಹಾಕಿದರೆ ದೀಪ. ನಾರಿನ ಉಂಡೆಯ ಮೇಲೂ, ಸೋಪಿನ ಬಾಟಲಿಯ ಮೇಲೂ, ಬಿದಿರಿನ ಬ್ರಷ್ಷಿನ ಮೇಲೂ ಸಿಟ್ಟು. ನಿನ್ನ ಪರಿಸರವೇ ನನ್ನನ್ನ ಮುಗಿಸಿದ್ದು ಎಂದು ಪಕ್ಕದ ಮನೆಯವರಿಗೆ ಕೇಳುವಂತೆ ಹೇಳಿದಳು. ದೀಪದ್ದು ತಪ್ಪಿಲ್ಲ ಎಂದು ಗೊತ್ತಿದ್ದೂ ಬೈದಳು. ದೀಪ ತಪ್ಪಲ್ಲ ಎಂದು ಬಾಯಿಬಿಟ್ಟು ಒಪ್ಪಿಕೊಂಡರೆ ಉಳಿಯುವುದು ಒಂದೇ ಉತ್ತರ. ಆ ಉತ್ತರದ ಎದುರು ನಿಲ್ಲಲಾರದೆ ಹೆತ್ತ ಮಗಳನ್ನು ಅಡ್ಡ ನಿಲ್ಲಿಸಿದಳು. ಮಗಳು ಒಂದು ದಿನವೂ ಎದುರಾಡಲಿಲ್ಲ. ತಾನೇ ಆರಿಸಿ ತಂದ ದೀಪ, ತಾನೇ ಕಡಿದ ಹಳೆಯ ಎಳೆ. ಶಾಲೆಯಲ್ಲಿ ಉಳಿತಾಯದ ಪಾಠ ಮಾಡುವುದನ್ನು ಅವಳು ಬಿಟ್ಟುಬಿಟ್ಟಳು ಎಂದು ಅಕ್ಕನಿಗೆ ಬೇರೆಯವರಿಂದ ತಿಳಿಯಿತು.

ಲಾಂಡ್ರಿಯವನು ಬರುವುದು ವಾರಕ್ಕೊಮ್ಮೆಯಾಯಿತು, ಆಮೇಲೆ ತಿಂಗಳಿಗೊಮ್ಮೆಯಾಯಿತು. ಕೊನೆಗೆ ಬಂದಾಗ ಬಟ್ಟೆ ತರಲಿಲ್ಲ, ಹಣ್ಣು ತಂದಿದ್ದ. ಕಾಯಿಲೆಯವರನ್ನು ನೋಡಲು ಹೋಗುವಾಗ ತರುವ ಹಾಗೆ. ಜನ ಈಗ ರಫು ಮಾಡಿಸೋದೇ ಕಡಿಮೆ ಅಕ್ಕ, ಹೊಸದು ತಗೊಂಡುಬಿಡ್ತಾರೆ ಎಂದು ನೆಲ ನೋಡುತ್ತಾ ಹೇಳಿದ. ಸುಳ್ಳು ಹೇಳುವುದರಲ್ಲಿ ಅವನೂ ಅವಳಷ್ಟೇ ಕಚ್ಚಾ. ಎಲ್ಲ ಬಣ್ಣ ಮಸಿ ನುಂಗಿತು ಎನ್ನುತ್ತಾರಲ್ಲ, ಮೂವತ್ತೆಂಟು ವರ್ಷದ ಹೆಸರನ್ನು ಒಂದು ಮೊಣಕೈ, ಒಂದು ಸ್ವೆಟರು ನುಂಗಿದವು.

ಅದಾಗಿ ಎರಡು ವಾರಕ್ಕೆ, ಸಂಜೆ ನಾಲ್ಕೂವರೆಗೆ, ಮಗಳು ಓಡುವಂತೆ ಮನೆಗೆ ಬಂದಳು. ಬ್ಯಾಗಿನಿಂದ ಹತ್ತಿಯಲ್ಲಿ ಸುತ್ತಿದ ಏನನ್ನೋ ತೆಗೆದು ಮೇಜಿನ ಮೇಲಿಟ್ಟಳು. ಬಿಚ್ಚಿದರೆ ಒಂದು ಹಳೆಯ ಬಲ್ಬು, ಒಳಗೆ ಎಳೆ ಗಟ್ಟಿಯಾಗಿತ್ತು. ಶಾಲೆಯ ಪ್ರಯೋಗಶಾಲೆಯ ಬೀರುವಿನ ತಳದಲ್ಲಿತ್ತಂತೆ. ಇಂಥ ಬಲ್ಬು ಬೆಳಕು ಕೊಡುವುದಕ್ಕಿಂತ ಬಿಸಿಯಾಗುವುದೇ ಹೆಚ್ಚು, ಎಷ್ಟು ವಿದ್ಯುತ್ ಹಾಳು ಮಾಡುತ್ತದೆ ನೋಡಿ ಎಂದು ಮಕ್ಕಳಿಗೆ ತೋರಿಸಲು ಅವಳೇ ವರ್ಷಗಳ ಹಿಂದೆ ಇಟ್ಟುಕೊಂಡಿದ್ದಳು. ಮರೆತುಹೋಗಿತ್ತು. ಹೆಡ್‌ಮಾಸ್ಟರರನ್ನು ಕೇಳಿ ತಂದಿದ್ದಳು.

"ಇದನ್ನ ಹಾಕಿ ನೋಡೋಣ ಅಮ್ಮ. ತಪ್ಪು ನಂದೇ. ಇನ್ಮೇಲೆ ನಿನ್ನ ಮೇಜಿನ ತಂಟೆಗೆ ಬರೋದಿಲ್ಲ" ಎಂದಳು.

ಅಕ್ಕ ಬೇಡ ಎನ್ನಬೇಕೆಂದಿದ್ದಳು. ಆದರೆ ಆಸೆ ಎನ್ನುವುದು ಬುದ್ಧಿಯ ಮಾತು ಕೇಳುವುದಿಲ್ಲ. ಯಾರಿಗೆ ಗೊತ್ತು, ಅಂಗಡಿಯವನು ತನ್ನ ಮಾಲನ್ನು ಹೊಗಳಿರಬಹುದು. ಯಾರಿಗೆ ಗೊತ್ತು, ಮೂವತ್ತೆಂಟು ವರ್ಷ ಹಳದಿ ಬೆಳಕಿಗೆ ಒಗ್ಗಿದ ಕಣ್ಣು ಅದೊಂದನ್ನೇ ಕೇಳುತ್ತಿರಬಹುದು. ಮಗಳು ಬಲ್ಬು ಸಿಕ್ಕಿಸಿ ಸ್ವಿಚ್ಚು ಹಾಕಿದಳು. ಬೆಳಕು ಮೇಜಿನ ಮೇಲೆ ಬಿತ್ತು. ಸ್ವಲ್ಪ ಹೊತ್ತಿಗೆ ಅಕ್ಕನ ಎಡಗೆನ್ನೆ ಬೆಚ್ಚಗಾಯಿತು. ತೌರಿನವರು ಬಂದು ಗಲ್ಲ ಮುಟ್ಟಿದ ಹಾಗಾಯಿತು ಅವಳಿಗೆ. ಒಂದು ಗಳಿಗೆ ಎಲ್ಲವೂ ಸರಿಹೋಯಿತು ಎಂದೇ ಅನ್ನಿಸಿತು.

ಅವಳು ಮೇಜಿನ ಡ್ರಾಯರಿನಿಂದ ಒಂದು ಪೊಟ್ಟಣ ತೆಗೆದಳು. ವಕೀಲರ ಕೋಟಿನಿಂದ ಬಿಚ್ಚಿದ ಎಳೆಗಳು ಅದರಲ್ಲಿದ್ದವು, ಕೋಟಿನದೇ ಕಪ್ಪು ಎಳೆ ಒಂದು, ತಾನು ತಪ್ಪಿ ನೇಯ್ದ ನೀಲಿ ಎಳೆ ಒಂದು. ಎರಡನ್ನೂ ಬಿಳಿ ಕಾಗದದ ಮೇಲೆ ಪಕ್ಕಪಕ್ಕ ಇಟ್ಟಳು. ಬಗ್ಗಿ ನೋಡಿದಳು. ಕಾಗದವನ್ನು ತಿರುಗಿಸಿ ನೋಡಿದಳು. ಬಲ್ಬಿಗೆ ಹಣೆ ತಗಲುವಷ್ಟು ಹತ್ತಿರ ಹೋಗಿ ನೋಡಿದಳು.

ಎರಡೂ ಕಪ್ಪು.

ಅವಳ ಬಲಗೈ ತಾನಾಗಿ ಪೆಟ್ಟಿಗೆಯ ಕಡೆ ಹೋಯಿತು. ಮೂರನ್ನು ಬಿಟ್ಟು ನಾಲ್ಕನೆಯ ಖಾನೆ, ಎಡ ಮೂಲೆ. ಮೂವತ್ತೆಂಟು ವರ್ಷ ಕೋಟಿನ ಕಪ್ಪು ಇದ್ದದ್ದು ಅಲ್ಲಿಯೇ. ಅಂದು ವಕೀಲರ ಕೋಟಿಗೂ ಕೈ ಮೊದಲು ಹೋಗಿದ್ದು ಅಲ್ಲಿಗೇ, ತಡೆದದ್ದು ಕಣ್ಣು. ಕೈಗೆ ಗೊತ್ತಿತ್ತು. ಕಣ್ಣು ಕೈಕೊಟ್ಟರೂ ಕೈ ಕೈಬಿಟ್ಟಿರಲಿಲ್ಲ. ಆ ಕೈಯೊಂದನ್ನು ನಂಬಿಕೊಂಡು ಇನ್ನೂ ನಾಲ್ಕು ವರ್ಷ ಕುರುಡಿಯಾಗಿಯೇ ಬದುಕಬಹುದಿತ್ತು. ಆದರೆ ಎಂಟು ದಿನ ಕೂತು ಆ ಪೆಟ್ಟಿಗೆಯನ್ನು ಅವಳೇ ಕಲಸಿದ್ದಳು. ಈಗ ಆ ಮೂಲೆಯಲ್ಲಿ ಬೆರಳಿಗೆ ಸಿಕ್ಕಿದ ಉಂಡೆ ಯಾವುದೋ, ಅದರ ಬಣ್ಣ ಯಾವುದೋ, ಮೇಲೆ ಒಂದು ಚೀಟಿಯೂ ಇಲ್ಲ.

ಮಗಳು ಕಾಗದದ ಮೇಲೆ ಬಗ್ಗಿದಳು. ಕಾಣ್ತಾ ಅಮ್ಮ ಎಂದಳು.

ಕಾಣ್ತು ಎನ್ನುವುದು ಸುಲಭವಿತ್ತು. ಲಾಂಡ್ರಿಯವನಿಗೆ ಹೇಳಿದ್ದ ಮಾತೇ. ಹಾಗಂದರೆ ರಫು ಅಕ್ಕ ರಫು ಅಕ್ಕನಾಗಿಯೇ ಉಳಿಯುತ್ತಾಳೆ, ದೀಪದಿಂದ ಕೆಟ್ಟವಳು ಎಂದು ಊರು ಮರುಗುತ್ತದೆ, ಮಗಳು ಸಾಯುವ ತನಕ ಆ ಪಾಪವನ್ನು ಹೊರುತ್ತಾಳೆ. ಅಕ್ಕ ಮಗಳ ಮುಖ ನೋಡಿದಳು. ಐದು ತಿಂಗಳಲ್ಲಿ ಅದು ಎಷ್ಟು ಇಳಿದುಹೋಗಿತ್ತು. ಅವಳು ಕಾಗದವನ್ನು ಮೆಲ್ಲಗೆ ಮಗಳ ಕಡೆಗೆ ಸರಿಸಿದಳು.

"ಇದರಲ್ಲಿ ನೀಲಿ ಯಾವುದು, ಮಗಳೇ?"

ಬಣ್ಣ ಯಾವುದು ಎಂದು ಅವಳು ಜೀವಮಾನದಲ್ಲಿ ಯಾರನ್ನೂ ಕೇಳಿದವಳಲ್ಲ. ಮಗಳಿಗೆ ಕೂಡಲೇ ಅರ್ಥವಾಯಿತು. ಅವಳು ಎಡಗಡೆಯ ಎಳೆಯ ಮೇಲೆ ಬೆರಳಿಟ್ಟಳು. ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. ಅಕ್ಕ ಆ ಬೆರಳನ್ನು, ಅದರಡಿಯ ಎಳೆಯನ್ನು ಬಹಳ ಹೊತ್ತು ನೋಡಿದಳು. ದೀಪದ ಅಂಗಡಿಯವನು ತನಗೆ ಎಲ್ಲ ಹೇಳಿದ್ದಾನೆ, ಹೇಳಿ ಎರಡು ತಿಂಗಳಾಯಿತು ಎಂದಳು. ಕ್ಷಮಿಸು ಎನ್ನುವ ಮಾತು ಆ ಮನೆಯಲ್ಲಿ ಬಳಕೆಯಲ್ಲಿರಲಿಲ್ಲ, ಹಾಗಾಗಿ ಅದು ಬರಲಿಲ್ಲ.

"ಇದನ್ನ ತೆಗೆದುಬಿಡು" ಎಂದಳು. "ನಿನ್ನ ದೀಪಾನೇ ಹಾಕು. ಸುಮ್ನೆ ಕರೆಂಟ್ ಯಾಕೆ ಸುಡ್ಬೇಕು."

ಮಗಳು ಸ್ವಿಚ್ಚು ಆರಿಸಿ ಬಲ್ಬಿಗೆ ಕೈ ಹಾಕಿದಳು. ಬಲ್ಬು ಕಾದಿತ್ತು, ಬೆರಳು ಚುರ್ ಎಂದು ಕೈ ಹಿಂದಕ್ಕೆ ತೆಗೆದಳು. ಒಳಗಿನಿಂದ ಒಂದು ಸ್ಟೂಲು ತಂದು ಅಮ್ಮನ ಪಕ್ಕ ಕೂತಳು. ಹೊರಗೆ ಇನ್ನೂ ಹಗಲಿತ್ತು, ಕೋಣೆಯೊಳಗೆ ಮಾತ್ರ ಕತ್ತಲಾಗಿತ್ತು. ಬಲ್ಬು ತಣ್ಣಗಾಗುವ ತನಕ ಇಬ್ಬರೂ ಹಾಗೆಯೇ ಕೂತಿದ್ದರು.